ಹಗ್ಗಜಾಲ ಮಹಾಯೋಜನೆ

ಬಹಳ ಹಿಂದೆ, 'ಸರ್ವರ್ ಡೌನ್' ಎಂಬ ಸಬೂಬು ಇನ್ನೂ ಹುಟ್ಟಿರದೆ ಅಧಿಕಾರಿಗಳು ಸ್ವಂತ ಬುದ್ಧಿಯಿಂದಲೇ ಸಬೂಬು ಹುಡುಕಬೇಕಾಗಿದ್ದ ಕಾಲದಲ್ಲಿ, ಖಾತಾವತಿ ಎಂಬ ರಾಜ್ಯವೊಂದಿತ್ತು. ಶ್ರೀಮನ್ಮಹಾರಾಜ ಅಖಂಡಸೇನರು ಅದನ್ನು ಆಳುತ್ತಿದ್ದರು. ಹೆಸರಿಗೆ ತಕ್ಕಂತೆ ಅಲ್ಲಿ ಖಾತೆಗಳು ಬಹಳ. ಒಂದು ಖಾತೆಯವರು ಇನ್ನೊಂದು ಖಾತೆಯವರನ್ನು ಮದುವೆಯ ಪಂಕ್ತಿಯಲ್ಲಿ ಕಂಡರೂ ಎಲೆಯ ಕಡೆಗೇ ನೋಡುತ್ತಿದ್ದರು.

ಪ್ರತಿ ಖಾತೆಗೂ ತನ್ನದೇ ಗಂಟೆ, ಗಂಟೆಗೆ ತನ್ನದೇ ಅರ್ಥ. ಉಗ್ರಾಣದಲ್ಲಿ ಒಂದು ಸಲ ಬಾರಿಸಿದರೆ 'ದಾಸ್ತಾನು ಇಲ್ಲ' ಎಂದು. ಗಜಶಾಲೆಯಲ್ಲಿ ಒಂದು ಸಲ ಬಾರಿಸಿದರೆ 'ಆನೆ ಹೊರಡಿಸಿ' ಎಂದು. ಬೊಕ್ಕಸದಲ್ಲಿ ಒಂದು ಸಲ ಬಾರಿಸಿದರೆ 'ತೆರಿಗೆ ಏರಿಸಿ' ಎಂದು. ಬೊಕ್ಕಸದಲ್ಲಿ ಎರಡು ಸಲ ಬಾರಿಸಿದರೆ ಇಳಿಸಬೇಕಿತ್ತಂತೆ; ಬಾರಿಸಿದ್ದನ್ನು ಕೇಳಿದವರು ಯಾರೂ ಬದುಕಿರಲಿಲ್ಲ.

ಹೀಗಿರಲು ಮಹಾರಾಜರು ನೆರೆರಾಜ್ಯದ ಶೃಂಗಸಭೆಗೆ ಹೋಗಿ, ಊಟಕ್ಕೂ ನಿದ್ದೆಗೂ ನಡುವೆ 'ಸಮನ್ವಯ' ಎಂಬ ಪದವನ್ನು ಕೇಳಿಸಿಕೊಂಡು ಬಂದರು. ಬಂದವರೇ ಸಲಹಾಚಾರ್ಯ ವ್ಯೂಹಕೀರ್ತಿಯನ್ನು ಕರೆಸಿದರು. ಅವನು ಆಸ್ಥಾನದ ಗೋಡೆಯ ತುಂಬ ಒಂದು ಪಟ ಬಿಡಿಸಿದ. ಅದರಲ್ಲಿ ವೃತ್ತಗಳಿದ್ದವು, ವೃತ್ತಗಳ ನಡುವೆ ಬಾಣಗಳಿದ್ದವು.

"ಈ ಬಾಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ?" ಎಂದರು ಮಹಾರಾಜರು.

"ಎರಡೂ ಕಡೆಗೆ, ಪ್ರಭು."

"ಭಲೆ. ನಮ್ಮ ಸೈನ್ಯದ ಬಾಣಗಳು ಒಂದೇ ಕಡೆಗೆ ಹೋಗುತ್ತವೆ. ಅದೂ ಹೆಚ್ಚಾಗಿ ನಮ್ಮ ಕಡೆಗೆ."

"ಪ್ರಭುಗಳು ಪ್ರಶ್ನೆ ಕೇಳಿದ ರೀತಿಯಲ್ಲೇ ಅರ್ಧ ಯೋಜನೆ ಮುಗಿದಂತಾಯಿತು" ಎಂದ ಮಹಾಮಂತ್ರಿ ಸಮ್ಮತಿಶರ್ಮ.

ವ್ಯೂಹಕೀರ್ತಿಯ ಕಾರ್ಯತಂತ್ರ ಸರಳವಾಗಿತ್ತು. ಪ್ರತಿ ಗಂಟೆಯಿಂದ ಪ್ರತಿ ಗಂಟೆಗೂ ಹಗ್ಗ ಕಟ್ಟುವುದು. ಒಂದು ಕಡೆ ಎಳೆದರೆ ರಾಜ್ಯವೆಲ್ಲ ಮೊಳಗಬೇಕು.

ಉಗ್ರಾಣದ ಅಧಿಕಾರಿ ಮೆಲ್ಲಗೆ ಕೇಳಿದ. "ಸ್ವಾಮಿ, ನಮ್ಮ ಒಂದು ಸದ್ದಿಗೆ ಗಜಶಾಲೆಯವರು ಬೇರೆ ಅರ್ಥ ಮಾಡಿಕೊಂಡರೆ?"

"ನಿಮ್ಮ ಅರ್ಥವನ್ನು ಬದಲಿಸುತ್ತೀರೇನು?"

"ಅದು ಹೇಗಾಗುತ್ತೆ? ನಮ್ಮ ಅಜ್ಜನ ಕಾಲದ್ದು. ಗಜಶಾಲೆಯವರು ಬದಲಿಸಲಿ."

"ಇವರ ಅಜ್ಜ ನಮ್ಮ ಅಜ್ಜನ ಕೈಕೆಳಗಿದ್ದವರು" ಎಂದ ಗಜಾಧ್ಯಕ್ಷ.

ವ್ಯೂಹಕೀರ್ತಿ ನಕ್ಕ. "ಹಾಗಿದ್ದರೆ ಮೊದಲ ಹಂತದಲ್ಲಿ ಸದ್ದು ಮಾತ್ರ. ಅರ್ಥವನ್ನು ಎರಡನೇ ಹಂತಕ್ಕೆ ಇಟ್ಟುಕೊಳ್ಳೋಣ."

ಇದಕ್ಕೆ ಎಲ್ಲರೂ ಒಪ್ಪಿದರು. ಸಮನ್ವಯ ಆಗಲೇ ಶುರುವಾಗಿತ್ತು.

ಮರುದಿನ ಡಂಗುರ ಸಾರಿಸಲಾಯಿತು. ರಾಜ್ಯದಲ್ಲಿ ಮೊಳದುದ್ದಕ್ಕಿಂತ ಹೆಚ್ಚಿನ ಹಗ್ಗವೆಲ್ಲ ಅರಮನೆಯ ಸ್ವತ್ತು. ಜನ ಒದ್ದೆ ಬಟ್ಟೆಯನ್ನು ಬೇಲಿಯ ಮೇಲೆ ಹಾಕಿದರು. ದನಗಳಿಗೆ ಮೊದಲ ಬಾರಿಗೆ ಸ್ವಾತಂತ್ರ್ಯ ಬಂತು. ಬಾವಿಯಲ್ಲಿ ನೀರಿದೆಯೆಂದು ಬಗ್ಗಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಕಾಯಿತು.

ಅರಮನೆಯ ಹಿಂದೆಯೇ ಹೊಳೆ. ಅಲ್ಲಿ ದ್ಯಾಮವ್ವನೆಂಬ ಅಂಬಿಗಿತ್ತಿ, ಈ ದಂಡೆಯಿಂದ ಆ ದಂಡೆಗೆ ಬಿಗಿದ ಹಗ್ಗವನ್ನು ಹಿಡಿದೆಳೆಯುತ್ತ ದೋಣಿ ದಾಟಿಸುತ್ತಿದ್ದಳು. ಆಚೆ ದಂಡೆಯ ಊರಿಗೆ ಅದೊಂದೇ ದಾರಿ. ಅವಳ ಮನೆಯಿದ್ದದ್ದೂ ಅಲ್ಲೇ. ವರ್ಷಕ್ಕೊಮ್ಮೆ, ಹೊಳೆ ತುಂಬುವ ಮುಂಚೆ, ಅವಳು ಉಗ್ರಾಣಕ್ಕೆ ಹೋಗಿ ಕೇಳುತ್ತಿದ್ದಳು, ಅವರು ಹೊಸ ಹಗ್ಗ ಕೊಡುತ್ತಿದ್ದರು. ಆ ಪದ್ಧತಿಯಲ್ಲಿ ಸಮನ್ವಯವೇ ಇರಲಿಲ್ಲ, ಕೆಲಸ ಮಾತ್ರ ಆಗುತ್ತಿತ್ತು. ಈ ವರ್ಷ ಹೊಸದು ಬರಲಿಲ್ಲ, ಹಳೆಯದನ್ನೂ ಡಂಗುರದವರು ಸುತ್ತಿಕೊಂಡು ಹೋದರು.

ಹಗ್ಗಜಾಲದ ಲೋಕಾರ್ಪಣೆಯ ದಿನ ಒಬ್ಬ ಫಲಾನುಭವಿ ಬೇಕಿತ್ತು. ದೂರು ಹೇಳಲು ಬಾಗಿಲಲ್ಲಿ ಕೂತಿದ್ದ ದ್ಯಾಮವ್ವನನ್ನೇ ಒಳಗೆ ಕರೆತಂದರು. ಅವಳು ತಲೆಯೆತ್ತಿ ನೋಡಿದಳು. ಅರಮನೆಯ ಅಂಗಳದ ಮೇಲೆ ಆಕಾಶವೇ ಕಾಣದಷ್ಟು ಹಗ್ಗ.

"ಸಾಹೇಬ್ರ, ಅಕಾ ಅಲ್ಲಿ ನನ್ನ ಹಗ್ಗ ಐತಿ. ನಡುವ ನಾನ ಹಾಕಿದ ಗಂಟು ಐತಿ ನೋಡ್ರಿ."

"ಅದು ಹಗ್ಗವಲ್ಲ ತಾಯಿ" ಎಂದ ಸಮ್ಮತಿಶರ್ಮ. "ಮೂಲಸೌಕರ್ಯ."

"ಏನರೆ ಅನ್ರಿ ಅದಕ್ಕ. ಇಳಿಸಿ ಕೊಟ್ರ ಸಾಕು. ಹೊಳಿ ಬರಾಕತ್ತೈತಿ, ಮಂದಿ ದಂಡಿ ಮ್ಯಾಲೆ ಕುಂತಾರ."

"ಹಾಗೆಲ್ಲ ಇಳಿಸಿ ಕೊಡಲಾಗುವುದಿಲ್ಲ. ವ್ಯವಸ್ಥೆಯ ಮೂಲಕವೇ ಕೇಳಬೇಕು."

ಅವಳು ವ್ಯವಸ್ಥೆಯ ಮೂಲಕವೇ ಕೇಳಿದಳು. ಉಗ್ರಾಣದವರು ಕಪಾಟು, ಅಟ್ಟ ಎಲ್ಲ ನೋಡಿದರು. ಹಗ್ಗವೆಲ್ಲ ನೆತ್ತಿಯ ಮೇಲಿದ್ದುದರಿಂದ ಒಳಗೆ ಏನೂ ಇರಲಿಲ್ಲ. ನಿಯಮದಂತೆ ಒಂದು ಸಲ ಬಾರಿಸಿದರು.

ರಾಜ್ಯವೆಲ್ಲ ಒಂದು ಸಲ ಮೊಳಗಿತು. ಬೊಕ್ಕಸದವರು ತೆರಿಗೆ ಏರಿಸಿದರು. ಗಜಶಾಲೆಯವರು ಆನೆ ಹೊರಡಿಸಿದರು. ಆನೆ ಗಂಭೀರವಾಗಿ ನಡೆದು ಬಂದು ದ್ಯಾಮವ್ವನ ಪಕ್ಕ ನಿಂತಿತು. ಅವಳು ಆನೆಯನ್ನು ನೋಡಿದಳು, ಆನೆ ಅವಳನ್ನು ನೋಡಿತು. ಇಬ್ಬರಿಗೂ ಏನೂ ತಿಳಿಯಲಿಲ್ಲ.

ಮೊದಲು ಚೇತರಿಸಿಕೊಂಡವನು ಸಮ್ಮತಿಶರ್ಮ. "ನೋಡಿದಿರಾ ಪ್ರಭು? ಹಗ್ಗ ಕೇಳಿದವಳಿಗೆ ಆನೆ ಸಿಕ್ಕಿತು. ಯಾವ ರಾಜ್ಯದಲ್ಲಿ ಉಂಟು ಇಂಥ ಸೇವೆ?"

"ನಮಗೂ ಹಾಗೇ ಅನ್ನಿಸಿತು" ಎಂದರು ಮಹಾರಾಜರು.

"ನಾ ಆನಿ ಕೇಳಿಲ್ರಿ" ಎಂದಳು ದ್ಯಾಮವ್ವ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಅಂದೇ 'ಗಜತರಣ ಸೇವೆ' ಜಾರಿಗೆ ಬಂತು. ಇನ್ನು ಮುಂದೆ ಪ್ರಜೆಗಳು ಹೊಳೆಯನ್ನು ಆನೆಯ ಮೇಲೆ ಕೂತು ದಾಟತಕ್ಕದ್ದು. ದ್ಯಾಮವ್ವನ ದೋಣಿಯನ್ನು ಆನೆಗೆ ಹುಲ್ಲು ಹಾಕಲು ತೆಗೆದುಕೊಂಡರು. ಅಖಂಡಸೇನರಿಗೆ 'ಸಮನ್ವಯ ಚಕ್ರವರ್ತಿ' ಎಂಬ ಬಿರುದು, ಎರಡನೇ ಕಿರೀಟ. ಮೊದಲನೆಯದರ ಮೇಲೆ ಅದು ಕೂರಲಿಲ್ಲವಾಗಿ ಎರಡನ್ನೂ ಹಗ್ಗದಿಂದ ಕಟ್ಟಿದರು.

ಹೊರಡುವ ಮುನ್ನ ವ್ಯೂಹಕೀರ್ತಿ ಒಂದು ಕೊರತೆ ಎತ್ತಿ ತೋರಿಸಿದ. ಆನೆ ಇನ್ನೂ ಜಾಲದ ಹೊರಗಿದೆ. ಕೂಡಲೇ ಉದ್ದನೆಯ ಹಗ್ಗವೊಂದನ್ನು ಇಳಿಸಿ, ಒಂದು ತುದಿಯನ್ನು ಆನೆಯ ಕಾಲಿಗೂ ಇನ್ನೊಂದನ್ನು ದಂಡೆಯಲ್ಲೇ ಇದ್ದ ಬೊಕ್ಕಸದ ಗಂಟೆಗೂ ಕಟ್ಟಿದರು. ಹಗ್ಗ ಈ ದಂಡೆಯಿಂದ ಆ ದಂಡೆಗೆ ಸರಿಯಾಗಿ ಸಾಲುವಷ್ಟಿತ್ತು. ನಡುವೆ ಒಂದು ಗಂಟಿತ್ತು.

ಮೊದಲ ಪ್ರಯಾಣದಲ್ಲಿ ದ್ಯಾಮವ್ವ ಮನೆಗೆ ಹೊರಟಿದ್ದಳು. ಹಿಂದೆ ಊರಿನವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತಿದ್ದರು. ಆನೆ ನೀರಿಗಿಳಿದು ಒಂದು ಹೆಜ್ಜೆ ಇಟ್ಟಿತು. ಹಿಂದೆ ಬೊಕ್ಕಸದಲ್ಲಿ ಗಂಟೆ ಒಂದು ಸಲ ಮೊಳಗಿತು. ಇನ್ನೊಂದು ಹೆಜ್ಜೆ. ಮತ್ತೆ ಒಂದು ಸಲ.

ದ್ಯಾಮವ್ವ ತಿರುಗಿ ದಂಡೆಯ ಕಡೆ ನೋಡಿದಳು. ಆಮೇಲೆ ಮಾವುತನ ಹೆಗಲು ಮುಟ್ಟಿದಳು.

"ತಮ್ಮಾ, ಸ್ವಲ್ಪ ಸಾವಕಾಶ ನಡಸೋ."

"ಸಾವಕಾಶ ನಡದ್ರೂ ಹೆಜ್ಜಿ ಅಷ್ಟ ಆಗ್ತಾವಬೇ" ಎಂದ ಮಾವುತ.

ಹೊಳೆ ಆ ವರ್ಷ ಅಗಲವಾಗಿತ್ತು.