ಮಾಳಿಗೆಗೆ ಸೇರಬೇಕಾದ ಹಲ್ಲು

ಮಗುವಿಗೆ ಹಸಿವಾಗಿದೆಯೋ ಇಲ್ಲವೋ ಎಂಬುದು ಮಗುವಿಗಿಂತ ಹೆತ್ತವರಿಗೇ ಚೆನ್ನಾಗಿ ಗೊತ್ತು ಎಂದು ನಂಬಿದ ಮನೆತನ ನಮ್ಮದು. ನಿದ್ದೆ, ಚಳಿ, ಅಂಜಿಕೆ ಎಲ್ಲವನ್ನೂ ದೊಡ್ಡವರು ನಿರ್ಧರಿಸುತ್ತಾರೆ, ಮಕ್ಕಳು ಅನುಭವಿಸಿದರಾಯಿತು. ನಾನು ಶಹಾಬಾದಿನಲ್ಲಿ ಬೆಳೆಯುವಾಗ ಹಲ್ಲಿನ ಡಾಕ್ಟರೆಂದರೆ ಅವ್ವ. ದಾರದ ಒಂದು ತುದಿ ನನ್ನ ಹಲ್ಲಿಗೆ, ಇನ್ನೊಂದು ಅವಳ ಬೆರಳಿಗೆ. ಓಣಿಯ ಸುದ್ದಿ ಹೇಳುತ್ತ ಹೇಳುತ್ತ, ಅದು ರುಚಿಗೆ ಬಂದ ಹೊತ್ತಿಗೆ ಜಗ್ಗಿಬಿಡುತ್ತಿದ್ದಳು. ಆ ಸುದ್ದಿಗಳ ಕೊನೆ ಏನಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಅತ್ತರೆ ಹಟಮಾರಿ, ಅಳದಿದ್ದರೆ ಶಾಣ್ಯಾ. ಅಂಜಿದವನು ಎಂಬ ಮೂರನೆಯ ಜಾತಿ ಅವಳ ಲೆಕ್ಕದಲ್ಲಿರಲಿಲ್ಲ. ಆಮೇಲೆ ಹಲ್ಲನ್ನು ಸೆಗಣಿಯ ಉಂಡೆಯಲ್ಲಿ ಹುದುಗಿಸಿ, ಮನೆಯ ಚಪ್ಪಟೆ ಸೂರಾದ ಹಾಸುಗಲ್ಲಿನ ಮಾಳಿಗೆಯ ಮೇಲೆ ಎಸೆಯಬೇಕು. ಬಿದ್ದ ಸದ್ದು ಕೇಳಿಸಿದರೆ ಹೊಸ ಹಲ್ಲು ನೆಟ್ಟಗೆ ಬರುತ್ತದೆ. ಅವ್ವ ಸೆರಗಿನಿಂದ ಬಾಯಿ ಒರೆಸಿ ಒಂದು ತುಂಡು ಬೆಲ್ಲ ಕೊಡುತ್ತಿದ್ದಳು. ಈಗ ಎಂಥ ಬೆಲ್ಲ ತಿಂದರೂ ಆ ರುಚಿಯಿಲ್ಲ. ಅದರಲ್ಲಿ ಒಂದಿಷ್ಟು ರಕ್ತವೂ ಇರುತ್ತಿತ್ತಲ್ಲ.

ಈಗ ನಾವಿರುವುದು ಹತ್ತಿರದ ವಾಡಿ ಊರಿನಲ್ಲಿ, ಕೆಳಮಹಡಿಯ ಬಾಡಿಗೆ ಮನೆಯಲ್ಲಿ. ಒಂದನೆಯ ತರಗತಿಯ ಮಗಳು ನೀಲೂಳ ಹಾಲುಹಲ್ಲೊಂದು ಹುಳುಕಾಗಿ ಗಲ್ಲ ಊದಿತ್ತು. ಕೀಳಿಸಬೇಕು ಎಂದೊಡನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಕೂಸು ಅಂಜಿ ಸಾಯುತ್ತಿದೆ ಎಂದು ನನ್ನ ತೀರ್ಪು. ಇದು ಬರೀ ನಾಟಕ, ಅದೂ ನಿಮ್ಮ ಕಡೆಯಿಂದಲೇ ಬಂದದ್ದು ಎಂದು ಹೆಂಡತಿಯ ತೀರ್ಪು. ನನ್ನ ಮಾತು ಕೇಳಿ ದಿನ ಮುಂದೂಡಿದ್ದಕ್ಕೆ ಗಲ್ಲ ಇನ್ನಷ್ಟು ಊದಿತು, ರಾತ್ರಿಯಿಡೀ ನರಳಿದಳು. ಆ ದಿನಗಳಲ್ಲಿ ನಾನೂ ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಎಡಗಡೆಯಿಂದಷ್ಟೇ ಅಗಿಯುತ್ತಿದ್ದೆ. ಅದು ಬೇರೆ ವಿಷಯ.

ಕೊನೆಗೆ ಶಹಾಬಾದಿನ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆವು. ಹುಡುಗಿ ಬಹಳ ಅಂಜುತ್ತಾಳೆಯೇ ಎಂದು ಅವರು ಕೇಳಿದರು. "ಭಾಳ ಅಂಜತಾಳ್ರಿ" ಎಂದು ನಾನು, "ಏನಿಲ್ರಿ, ನಾಟಕ ಮಾಡಾಕತ್ತಾಳ" ಎಂದು ಹೆಂಡತಿ, ಒಂದೇ ಉಸಿರಿನಲ್ಲಿ ಹೇಳಿದೆವು. ಗಂಡಹೆಂಡಿರ ವಾದ ಜೋರಾಗುತ್ತಿರುವಾಗ ಡಾಕ್ಟರಮ್ಮ ನಮ್ಮನ್ನು ಬಿಟ್ಟು ನೀಲೂಳ ಕಡೆ ತಿರುಗಿ ಅವಳನ್ನೇ ಕೇಳಿದರು. ನಮಗೆ ಹೊಳೆಯದಿದ್ದ ಉಪಾಯ ಅದು. ನೀಲೂ ಕೈಯನ್ನು ತುಸುವೇ ಸರಿಸಿ ಕೇಳಿದಳು:

"ಹಲ್ಲು ನನಗ ವಾಪಸ್ ಕೊಡ್ತೀರೇನ್ರಿ?"

ಮಾಳಿಗೆಗೆ ಹೋಗದ ಹಲ್ಲಿನ ಜಾಗದಲ್ಲಿ ಹೊಸದು ಬರುವುದಿಲ್ಲವೆಂದು ನಮ್ಮ ಅವ್ವ ರಜೆಯಲ್ಲಿ ಮೊಮ್ಮಗಳಿಗೆ ಹೇಳಿದ್ದಳಂತೆ. ದವಾಖಾನೆಯಲ್ಲಿ ಕಿತ್ತರೆ ಕಸದ ಡಬ್ಬಿಗೆ ಹಾಕುತ್ತಾರೆ. ಕೊಟ್ಟರೂ ಎಸೆಯುವುದೆಲ್ಲಿ, ನಮ್ಮ ಮಾಳಿಗೆಯ ಮೇಲೆ ಬೇರೆಯವರು ಸಂಸಾರ ಹೂಡಿದ್ದಾರೆ. ಇಷ್ಟು ದಿನ ಇದೊಂದನ್ನೇ ಒಬ್ಬಳೇ ನುಂಗಿಕೊಂಡಿದ್ದಳು. ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಕೊಡುತ್ತೇನೆಂದು ಡಾಕ್ಟರಮ್ಮ, ಅಜ್ಜಿಯ ಮಾಳಿಗೆ ಇದೆಯೆಂದು ನಾನು, ಇಬ್ಬರೂ ಮಾತು ಕೊಟ್ಟೆವು. ನೀಲೂ ಬಾಯಿ ತೆರೆದಳು.

ಸಂಜೆ ಅಲ್ಲೇ ಶಹಾಬಾದಿನಲ್ಲಿ ಅವ್ವ ಇರುವ ಅಣ್ಣನ ಮನೆಗೆ ಹೋದೆವು. ಅವ್ವ ಸೆಗಣಿ ಉಂಡೆ ಮಾಡಿ ಕೊಟ್ಟಳು. ನೀಲೂ ಎಸೆದಳು. ಹಾಸುಗಲ್ಲಿನ ಮೇಲೆ ಅದೇ ಹಳೆಯ ಸದ್ದು. ಅವ್ವ ಅದೇ ರೀತಿ ಸೆರಗಿನಿಂದ ಮೊಮ್ಮಗಳ ಬಾಯಿ ಒರೆಸಿದಾಗ ನನ್ನ ಕಣ್ಣು ತುಂಬಿತು. ಮಗಳಿಗೆ ಸಿಹಿ ಕೊಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಬೆಲ್ಲ ನನ್ನ ಪಾಲಿಗೆ ಬಂತು. ಆಸೆಯಿಂದ ಕಡಿದೆ. ಜೀವ ಹೋದಂತಾಗಿ ದವಡೆ ಹಿಡಿದು ಕಟ್ಟೆಯ ಮೇಲೆ ಕೂತೆ. ಎಲ್ಲರೂ ನನ್ನ ಕಡೆ ನೋಡಿದರು.

ಮರುದಿನ ಅದೇ ಕುರ್ಚಿಯಲ್ಲಿ ನಾನಿದ್ದೆ. ನನ್ನ ಬಾಯಿಗೆ ಹತ್ತಿ ತುರುಕಿದ ಮೇಲೆ ಡಾಕ್ಟರಮ್ಮ, ಇವರೂ ಅಂಜುತ್ತಾರೆಯೇ ಎಂದು ಮನೆಯವರನ್ನು ಕೇಳಿದರು.

"ಏನಿಲ್ರಿ, ನಾಟಕ" ಎಂದಳು ಹೆಂಡತಿ.

"ಭಾಳ ಅಂಜತಾರ್ರಿ" ಎಂದಳು ಮಗಳು.

ಇಬ್ಬರ ವಾದ ಮುಗಿಯುವಷ್ಟರಲ್ಲಿ ಹಲ್ಲು ಹೋಗಿತ್ತು. ಅದನ್ನು ವಾಪಸ್ ಕೇಳಬೇಕೆಂದು ನನಗೂ ಇತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ.