ಅಂತರ ಕಾಪಾಡುವ ಮೆರವಣಿಗೆ

ವಯಸ್ಸಾದಂತೆ ಸಿಟ್ಟು ಕಡಿಮೆಯಾಗುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಪ್ಪತ್ತು ದಾಟಿದ ಮೇಲೆ ಕಣ್ಣು ಮಂಜಾಯಿತು, ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಅರ್ಧ ಹಲ್ಲುಗಳು ರಾಜೀನಾಮೆ ಕೊಟ್ಟಿವೆ. ಗಟ್ಟಿಮುಟ್ಟಾಗಿ ಉಳಿದಿರುವುದು ಸಿಟ್ಟೊಂದೇ. ಕೊರೋನಾ ಕಾಲದಲ್ಲಂತೂ ಅದಕ್ಕೆ ಹೊಸ ಪ್ರಾಯ ಬಂದಿತ್ತು. ಬೆಳಿಗ್ಗೆ ಎದ್ದರೆ ಟೀವಿಯಲ್ಲಿ ಕೈ ತೊಳೆಯಿರಿ, ಮನೆಯಲ್ಲೇ ಇರಿ, ಹಿರಿಯರನ್ನು ಕಾಪಾಡಿ ಎಂಬ ಉಪದೇಶ. ಹಿರಿಯರು ಅಂದರೆ ನಾನು. ಕಾಪಾಡುವುದು ಅಂದರೆ ನನ್ನನ್ನು ಜಗಲಿಯಿಂದ ಕೆಳಗೆ ಇಳಿಯಗೊಡದೆ ಇರುವುದು. ನಾನು ಟೀವಿಗೇ ಬೈಯುತ್ತಾ ಕೂತಿರುತ್ತಿದ್ದೆ. "ಮಾಸ್ಕ್ ಹಾಕ್ಕಂಡು ಬೈರಿ, ಪಾಪ ಅದಕ್ಕೂ ಅಂಟೀತು" ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಅಣಕಿಸುತ್ತಿದ್ದಳು.

ಅಷ್ಟರಲ್ಲಿ ದಂಡಿನಶಿವರದಿಂದ ಗಂಗಕ್ಕನ ಫೋನು ಬಂತು. ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ. ನಮ್ಮವ್ವ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆಗ ಹಾಸಿಗೆ ಹಿಡಿದು ಮಲಗಿದ್ದಳು. ಕೊರೋನಾ ಅಲ್ಲ, ಬರೀ ವಯಸ್ಸು. "ಬತ್ತೀಯೇನ್ಲಾ ಚನ್ನಬಸ? ಒಂದ್ಸಲ ಮಖ ತೋರ್ಸಿ ಹೋಗ್ಲಾ" ಎಂದಳು. ಅವಳು ಹಾಗೆ ಕೇಳುವವಳೇ ಅಲ್ಲ. ಹೆಂಡತಿಯ ಕಣ್ಣು ತಪ್ಪಿಸಿ ಮೊಪೆಡ್ ಹತ್ತಿ ಹೊರಟೆ. ಅಮ್ಮಸಂದ್ರದ ಹತ್ತಿರ ಪೊಲೀಸಿನವನು ಲಾಠಿ ಅಡ್ಡ ಹಿಡಿದ. ಅಕ್ಕನನ್ನು ನೋಡಬೇಕು ಕಣಪ್ಪ ಅಂದೆ. "ಸತ್ತೋಗಿದಾರಾ?" ಎಂದ. ಇಲ್ಲ ಅಂದೆ. "ಹಂಗಾದ್ರೆ ವಾಪಸ್ ಹೋಗಿ ಅಜ್ಜ, ಎಮರ್ಜೆನ್ಸಿ ಇದ್ರೆ ಮಾತ್ರ ಬಿಡೋದು" ಎಂದ. ಬದುಕಿರುವುದು ಎಮರ್ಜೆನ್ಸಿ ಅಲ್ಲವಂತೆ! ದಾರಿಯುದ್ದಕ್ಕೂ ಬೈದುಕೊಂಡು ಮನೆಗೆ ಬಂದೆ. ಅಲ್ಲಿ ಉಳಿದದ್ದನ್ನು ಹೆಂಡತಿ ಬೈದಳು.

ಮಾರನೆಯ ದಿನ ನಮ್ಮ ನಾಯಕರ ಕಡೆಯವರು ಬಂದರು. ಹೆಸರು ಬೇಡ ಬಿಡಿ, ಅದನ್ನು ಹೇಳಿದರೆ ನನಗೆ ಬಿಪಿ ಏರುತ್ತದೆ. ನಮ್ಮ ಕಡೆ ದೊಡ್ಡವರು ಬಂದರೆ ಹೂವಿನ ಹಾರ ಸಾಲದು. ಅಟ್ಟದ ಮೇಲೆ ವರ್ಷವೆಲ್ಲ ಒಣಗಿದ ಉಂಡೆ ಕೊಬ್ಬರಿ ಪೋಣಿಸಿ ಹಾರ ಹಾಕುವುದು ಪದ್ಧತಿ. ನನ್ನ ಅಟ್ಟದ ಕೊಬ್ಬರಿಗೆ ಸುತ್ತಲಿನ ಊರುಗಳಲ್ಲಿ ಒಳ್ಳೆಯ ಹೆಸರಿದೆ, ಅದಕ್ಕೇ ಬಂದಿದ್ದರು. "ಯಜಮಾನ್ರೇ, ನಾಳೆ ಕೊರೋನಾ ಜಾಗೃತಿ ಜಾಥಾ. ಯಾರೂ ಗುಂಪು ಸೇರ್ಬೇಡಿ, ಅಂತರ ಕಾಪಾಡಿ ಅಂತ ಜನಕ್ಕೆ ಹೇಳೋಕೆ. ಭಾರೀ ಜನ ಸೇರ್ತಾರೆ ಕಣ್ರೀ!" ಎಂದ ಅವರ ಮುಂದಾಳು. ಹೇಳುವಾಗ ಅವನ ಮುಖದಲ್ಲಿ ಒಂದಿಷ್ಟೂ ನಗೆ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಕೊಬ್ಬರಿ ಬೆಲೆ ಬಿದ್ದು ನಾವೆಲ್ಲ ಬಾಯಿ ಬಡಿದುಕೊಳ್ಳುವಾಗ ಈ ಕಡೆ ತಿರುಗಿ ನೋಡದ ಕತ್ತಿಗೆ ನಾನು ಕೊಬ್ಬರಿ ಹಾರ ಹಾಕಬೇಕೇ? ಎದ್ದು ನಡೀರಿ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅವನು "ದಂಡಿನಶಿವರದ ತಂಕ ಹೋಗ್ತೀವಿ" ಅಂದ. ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಕೊಬ್ಬರಿ ಕೊಡುತ್ತೇನೆ, ಆದರೆ ದಂಡಿನಶಿವರದಲ್ಲಿ ನಾನೇ ಕೈಯಾರೆ ಹಾಕಬೇಕು ಅಂದೆ. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಂಥ ಅಭಿಮಾನಿ ಈ ಊರಲ್ಲಿದ್ದಾನೆಂದು ಅವನಿಗೆ ಗೊತ್ತೇ ಇರಲಿಲ್ಲವಂತೆ.

ಅಟ್ಟ ಹತ್ತಿ ಇದ್ದುದರಲ್ಲೇ ದಪ್ಪ ಉಂಡೆಗಳನ್ನು ಆರಿಸಿದೆ. ಆ ಕತ್ತು ಒಂದು ಗಳಿಗೆಯಾದರೂ ಬಗ್ಗಲಿ ಎಂಬ ಆಸೆ. ಮಾರನೆಯ ದಿನ ಹೆಗಲಿಗೆ ಅವರ ಪಕ್ಷದ ಶಾಲು ಹಾಕಿಸಿಕೊಂಡು, ಟ್ರ್ಯಾಕ್ಟರಿನ ಟ್ರೈಲರಿನಲ್ಲಿ, ಅಂತರ ಕಾಪಾಡಿ ಎಂದು ಬರೆದ ಬ್ಯಾನರಿನ ಕೆಳಗೆ, ಮೊಣಕೈ ಅಲ್ಲಾಡಿಸಲು ಜಾಗವಿಲ್ಲದ ಹಾಗೆ ನಿಂತು ಹೊರಟೆ. ಅಮ್ಮಸಂದ್ರದ ಹತ್ತಿರ ಅದೇ ಪೊಲೀಸಿನವನು ಬ್ಯಾರಿಕೇಡ್ ಸರಿಸಿ ಸೆಲ್ಯೂಟ್ ಹೊಡೆದ. ಪಕ್ಕದವನು ಜೈಕಾರ ಹಾಕು ಎಂದು ತಿವಿದ. ಹಾಕಿದೆ ಸ್ವಾಮಿ! ಅಕ್ಕನನ್ನು ನೆನೆಸಿಕೊಂಡು, ಹಲ್ಲು ಕಚ್ಚಿಕೊಂಡು, ಆ ಮನುಷ್ಯನ ಹೆಸರಿಗೆ ಜೈ ಅಂದೆ. ದಂಡಿನಶಿವರದಲ್ಲಿ ಹಾರವನ್ನೂ ಹಾಕಿದೆ. ಕತ್ತು ಬಗ್ಗಲಿಲ್ಲ. ಫೋಟೋ ತೆಗೆದದ್ದೇ ತಡ, ನಾಯಕರು ಹಾರ ತೆಗೆದು ಹಿಂದಿನವನ ಕೈಗೆ ಕೊಟ್ಟುಬಿಟ್ಟರು.

ಅಲ್ಲಿಂದ ಒಂದೇ ಉಸಿರಿಗೆ ಅಕ್ಕನ ಮನೆಗೆ ನಡೆದೆ. ಅಕ್ಕನ ಸೊಸೆ ಸುಮ ಬಾಗಿಲಲ್ಲೇ ತಡೆದಳು. "ಮಾವ, ಬೇಜಾರ್ ಮಾಡ್ಕೋಬೇಡಿ. ಅಷ್ಟು ಜನದ ಮಧ್ಯದಿಂದ ಬಂದಿದೀರಿ. ಕಿಟಕಿ ಹತ್ರ ನಿಂತು ಮಾತಾಡ್ಸಿ" ಎಂದಳು. ನನಗೆ ಸಿಟ್ಟು ಬಂತು. ಆದರೆ ಆ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ಕಿಟಕಿಯ ಸರಳು ಹಿಡಿದು ನಿಂತೆ. ಅಕ್ಕ ಮಂಚದಿಂದ ಬಹಳ ಹೊತ್ತು ನೋಡಿ, "ಏನ್ಲಾ ಇದು, ಹೆಗಲ ಮೇಲೆ? ನೀನೂ ಆ ಕಡೀಕೆ ಹೋದ್ಯೇನ್ಲಾ?" ಎಂದಳು. ನಿನಗೋಸ್ಕರ ಕಣಕ್ಕ ಅಂದೆ. ಅವಳಿಗೆ ನಗು ಬಂತು. ನಕ್ಕು ನಕ್ಕು ಕೆಮ್ಮು ಹತ್ತಿತು. ಒಳಗೆ ಹೋಗಿ ಬೆನ್ನು ನೀವುವ ಹಾಗಿರಲಿಲ್ಲ. ಸರಳು ಹಿಡಿದು ನಿಂತೇ ಇದ್ದೆ.

ಜೈಕಾರ ಹಾಕುವ ನನ್ನ ಫೋಟೋ ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿತ್ತು. ಎಷ್ಟು ಕೊಟ್ಟರು ಎಂದು ಸ್ನೇಹಿತರು ಕೇಳಿದರು. ಒಬ್ಬೊಬ್ಬರಿಗೂ ಬೈದು ಸಾಕಾಯಿತು. ಕೆಲವು ದಿನ ಕಳೆದು ನಸುಕಿನಲ್ಲಿ ಸುಮಳ ಫೋನು ಬಂತು. ಅಕ್ಕ ಹೋಗಿಬಿಟ್ಟಿದ್ದಳು. ಮಣ್ಣಿಗೆ ಹೊರಟವನನ್ನು ಪೊಲೀಸಿನವನು ಮತ್ತೆ ನಿಲ್ಲಿಸಿದ. ಮಣ್ಣಿಗೆ ಇಷ್ಟೇ ಜನ ಅಂತ ಆರ್ಡರ್ ಇದೆ, ಅಷ್ಟೂ ಜನ ಆಗಲೇ ಹೋಗಿಯಾಯಿತು ಎಂದ. ಅವನಿಗೆ ಬೈದೆ, ಸರ್ಕಾರಕ್ಕೆ ಬೈದೆ, ಕೊನೆಗೆ ಅತ್ತುಬಿಟ್ಟೆ. ಅವನು ನೀರಿನ ಬಾಟಲಿ ಕೊಟ್ಟು ಕಲ್ಲಿನ ಮೇಲೆ ಕೂರಿಸಿದ, ಬಿಡಲಿಲ್ಲ. ಇಷ್ಟು ವರ್ಷ ಯಾವ ಮನುಷ್ಯ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ ಎಂದು ಬೈದಿದ್ದೆನೋ, ಆವತ್ತು ಬಿಸಿಲು ಏರುವ ತನಕ ನಾನು ಅದೇ ಮನುಷ್ಯನ ಜೀಪು ಬರುತ್ತದೇನೋ ಎಂದು ತುರುವೇಕೆರೆ ರಸ್ತೆಯನ್ನೇ ನೋಡುತ್ತಾ ಕೂತಿದ್ದೆ. ಬಂದಿದ್ದರೆ ಜೈ ಅನ್ನಲು ಬಾಯಿ ತಯಾರಾಗಿತ್ತು.