ನನ್ನ ಸಿಟ್ಟಿಗೂ ನಾಡಿಗೂ ಸಂಬಂಧವಿಲ್ಲ

ಸಿಟ್ಟೇ ಬಂದಿರದ ಮನುಷ್ಯರಿಗೆ “ಸಿಟ್ಟು ಮಾಡ್ಕೋಬೇಡ” ಎಂದಾಗ ಬರುತ್ತದಲ್ಲ, ಆ ಸಿಟ್ಟಿಗೆ ನಮ್ಮ ಭಾಷೆಯಲ್ಲಿ ಬೇರೆಯೇ ಒಂದು ಹೆಸರಿರಬೇಕಿತ್ತು. ಅದು ಉಳಿದ ಸಿಟ್ಟುಗಳ ಹಾಗಲ್ಲ. ಹಾಲು ಉಕ್ಕಿದ್ದಕ್ಕೆ, ಕರೆಂಟು ಹೋದದ್ದಕ್ಕೆ, ಹತ್ತನೇ ತರಗತಿಗೆ ಬಂದವನು ಏಳೆಂಟಲೆ ಐವತ್ನಾಲ್ಕು ಎಂದದ್ದಕ್ಕೆ ಬರುವ ಸಿಟ್ಟಿಗೆಲ್ಲ ಒಂದು ಕಾರಣವಿರುತ್ತದೆ. ಈ ಸಿಟ್ಟಿಗೆ ಎದುರಿಗಿರುವವರ ಅನುಮಾನವೇ ಕಾರಣ. “ನನಗೆ ಸಿಟ್ಟು ಬಂದಿಲ್ಲ” ಎಂದು ಜೋರಾಗಿ ಹೇಳಿದರೆ ಬಂದಿದೆ ಎಂದು ಸಾಬೀತಾಗುತ್ತದೆ. ಮೆಲ್ಲಗೆ ಹೇಳಿದರೆ “ಒಳಗೇ ಇಟ್ಟುಕೊಂಡಿದ್ದಾಳೆ, ಅದು ಇನ್ನೂ ಕೆಟ್ಟದ್ದು” ಎಂದಾಗುತ್ತದೆ. ಹೃದಯದ ಚಿಕಿತ್ಸೆ ಮಾಡಿಸಿಕೊಂಡು ಆಸ್ಪತ್ರೆಯಿಂದ ಬಂದ ಮೇಲೆ ತಿಂಗಳುಗಟ್ಟಲೆ ನಾನು ಈ ಹೆಸರಿಲ್ಲದ ಸಿಟ್ಟಿನಲ್ಲೇ ಊಟ ಮಾಡಿದ್ದೇನೆ, ಅದರಲ್ಲೇ ಮಲಗಿ ಎದ್ದಿದ್ದೇನೆ.

ನಾನು ಗಂಗಾವತಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನನ್ನ ಹೃದಯಕ್ಕೆ ಮಾತ್ರ ಲೆಕ್ಕ ಬರುತ್ತಿರಲಿಲ್ಲ. ಬೋರ್ಡಿನ ಮುಂದೆ ನಿಂತಾಗ ಒಮ್ಮೆಲೇ ಎದೆಯೊಳಗೆ ಗುಬ್ಬಿ ಸಿಕ್ಕಿಕೊಂಡಂತೆ ಪಟಪಟ ಬಡಿದು, ನಡುವೆ ಒಂದೆರಡು ಬಡಿತ ನುಂಗಿ, ಮತ್ತೆ ಓಡುತ್ತಿತ್ತು. ಗುಳಿಗೆಗಳಿಗೆ ಅದು ಬಗ್ಗಲಿಲ್ಲ. ಕೊನೆಗೆ ಹುಬ್ಬಳ್ಳಿಯ ಡಾಕ್ಟರು ಥಂಡಿ ಕೊಡುವ ಚಿಕಿತ್ಸೆ ಮಾಡಿದರು. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಗೆಯೊಂದನ್ನು ಹೃದಯದವರೆಗೆ ಏರಿಸಿ, ಅದರ ತುದಿಯ ಪುಟ್ಟ ಬಲೂನಿನಿಂದ, ತಪ್ಪು ತಾಳ ಹುಟ್ಟುವ ಜಾಗವನ್ನು ಮಂಜುಗಡ್ಡೆಗಿಂತಲೂ ತಣ್ಣಗೆ ಮಾಡಿ ಅಡಗಿಸುವುದು. ಗಂಗಾವತಿಯ ಬೇಸಿಗೆಯಲ್ಲಿ ಮೈಯ ಒಂದು ಭಾಗವಾದರೂ ತಂಪಾಗುತ್ತದಲ್ಲ ಎಂದು ನಾನು ನಗುತ್ತಲೇ ಒಳಗೆ ಹೋದೆ. ಹೊರಗೆ ಕೂತಿದ್ದ ನಮ್ಮ ಮನೆಯವರು ನಗಲಿಲ್ಲ.

ತಾಳ ಸರಿಹೋಯಿತು. ಗುಬ್ಬಿ ಹಾರಿಹೋಯಿತು. ಆದರೆ ಮೊದಲು ಸುಮ್ಮನೆ ಕೂತಾಗ ಅರವತ್ತೆಂಟೋ ಎಪ್ಪತ್ತೋ ಇರುತ್ತಿದ್ದ ನಾಡಿ ಈಗ ತೊಂಬತ್ತರ ಆಚೆ ಈಚೆ ಓಡಾಡತೊಡಗಿತು. ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಗೊತ್ತು ಮಾಡಿಸಿದ್ದು ನಮ್ಮ ಮನೆಯವರು ನನ್ನ ಕೈಗೆ ಕಟ್ಟಿದ ವಾಚು. ಅವರ ಹೆಸರು ವೀರಭದ್ರಪ್ಪ, ಅಕ್ಕಿ ಗಿರಣಿಯೊಂದರಲ್ಲಿ ಮ್ಯಾನೇಜರು. ಭತ್ತ ತಂದ ರೈತ ಆಣೆ ಮಾಡಿ “ಒಣಗೇತ್ರಿ” ಎಂದರೂ ನಂಬದೆ, ತೇವ ಅಳೆಯುವ ಮೀಟರನ್ನೇ ನಂಬಿ ವಯಸ್ಸು ಕಳೆದವರು. ಇಂಥವರ ಹೆಂಡತಿಯ ಕೈಗೆ ನಾಡಿ ತೋರಿಸುವ ವಾಚು ಬಂದರೆ ಆಕೆಯ ಮಾತಿಗೆ ಏನು ಬೆಲೆ?

“ಯಾಕ ಸಿಟ್ಟಿಗೆದ್ದೀ?”

“ಯಾರ್ರೀ ಸಿಟ್ಟಿಗೆದ್ದಾರ? ಮೆಂತ್ಯ ಪಲ್ಲೆ ಸೋಸಾಕತ್ತೀನಿ.”

“ತೊಂಬತ್ತೊಂದು ತೋರಸಾಕತ್ತೈತಿ. ನನ್ನ ಮುಂದ ಮುಚ್ಚಿಡಬ್ಯಾಡ.”

ಮುಚ್ಚಿಡುವುದೇನು ಬಂತು? ಟಿವಿ ನೋಡುವಾಗ ಕೈ ಹಿಡಿದರೆ ಪ್ರೀತಿಯೆಂದು ತಿಳಿಯುವ ಕಾಲ ಹೋಯಿತು. ಅವರು ಅಂಕಿ ನೋಡುತ್ತಿದ್ದರು. ಹನುಮಸಾಗರದಿಂದ ಬಂದ ನಾದಿನಿ ಶಾಂತವ್ವ ಒಂದು ಹೆಜ್ಜೆ ಮುಂದೆ ಹೋಗಿ, “ವೈನಿ, ನಮ್ಮಣ್ಣ ಏನರ ಅಂದನೇನು? ಮನಸಿನ್ಯಾಗ ಇಟ್ಕೋಬ್ಯಾಡ, ನನ್ನ ಮುಂದ ಹೇಳಿಬಿಡು” ಎಂದು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಕೂತಳು. ಏನೂ ಇಲ್ಲ ಎಂದರೆ ನಂಬಲೊಲ್ಲಳು. ಕೊನೆಗೆ ಅವಳ ಸಮಾಧಾನಕ್ಕೆಂದು ಗಂಡನ ಮೇಲೆ ಒಂದೆರಡು ದೂರು ಹುಟ್ಟಿಸಿ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ಅವೆಲ್ಲ ನಿಜವೇ ಎನ್ನಿಸಿತು, ಅದು ಬೇರೆ ಮಾತು.

ಇಷ್ಟನ್ನೆಲ್ಲ ನುಂಗಿಕೊಂಡೆ. ನುಂಗಲಾಗದೆ ಹೋದದ್ದು ಶಾಲೆ ಶುರುವಾದ ದಿನ. ನಮ್ಮ ಹೆಡ್‌ಮಾಸ್ತರರಾದ ಖಾದರ್ ಸಾಹೇಬರು ಕರೆದು ಕೂರಿಸಿ, ಚಹಾ ತರಿಸಿ, ಬಹಳ ಮೃದುವಾಗಿ ಹೇಳಿದರು: “ಮೇಡಂರ, ತಬಿಯತ್ ಮೊದಲ. ಹತ್ತನೇತ್ತಾ ಮಕ್ಳು ತಲಿ ತಿಂತಾವ. ಈ ವರ್ಷ ನೀವು ಲೈಬ್ರರಿ ನೋಡ್ಕೊಳ್ರಿ, ತಣ್ಣಗ ಕುಂದ್ರಬಹುದು.”

“ನನಗೇನಾಗೇತ್ರಿ ಸರ್?”

“ಏನಿಲ್ರಿ. ನಿಮ್ಮ ಮನಿಯವ್ರು ಫೋನ್ ಮಾಡಿದ್ರು. ತೊಂಬತ್ತೆರಡಂತಲ್ರಿ…”

ಅವರು ಆ ಅಂಕಿಯನ್ನು ಹೇಳಿದ ದನಿ, ತೀರಿಹೋದವರ ವಿಷಯ ಮಾತಾಡುವ ದನಿ. ಇಷ್ಟು ವರ್ಷ ನಾನು ಬಿಡದೆ ಹಿಡಿದಿದ್ದ ತರಗತಿ. ಲೆಕ್ಕವೆಂದರೆ ಅಳುತ್ತಿದ್ದ ಹುಡುಗಿಯರನ್ನು ಬೋರ್ಡಿಗೆ ಕರೆದು ನಗಿಸಿದ ತರಗತಿ. ಅದನ್ನು ಬಿಟ್ಟು ಧೂಳು ಹಿಡಿದ ಕಪಾಟುಗಳ ನಡುವೆ, ತಣ್ಣಗೆ ಇಡಬೇಕಾದ ಸಾಮಾನಿನ ಹಾಗೆ ನಾನು ಕೂರಬೇಕು! ಚಹಾ ಮುಟ್ಟದೆ ಎದ್ದು ಬಂದೆ. ಮನೆಗೆ ಬಂದು, “ನಾಳೆ ಹುಬ್ಬಳ್ಳಿಗೆ ನಡೀರಿ. ನನ್ನ ಸಿಟ್ಟೋ, ನಿಮ್ಮ ವಾಚೋ, ಒಂದು ತೀರ್ಮಾನ ಆಗಲಿ” ಎಂದೆ.

ಡಾಕ್ಟರು ಇಸಿಜಿ ತೆಗೆಸಿದರು, ರಕ್ತ, ಥೈರಾಯ್ಡ್ ಎಲ್ಲ ನೋಡಿದರು. ಆಮೇಲೆ ಆರಾಮಾಗಿ ಹಿಂದಕ್ಕೆ ಒರಗಿ ಹೇಳಿದರು: “ಮೇಡಂ, ತಾಳ ಛಲೋ ಐತ್ರಿ. ಹೃದಯಕ್ಕ ಬ್ರೇಕ್ ಹಿಡಿಯೋ ಸಣ್ಣ ನರದ ಗಂಟು, ನಾವು ತಂಪು ಕೊಟ್ಟ ಜಾಗದ ಬಾಜೂಕನ ಇರ್ತಾವ. ಅವಕ್ಕೂ ಥಂಡಿ ತಾಗಿ ಬ್ರೇಕ್ ಒಂಚೂರು ಸಡಿಲ ಆಗೇತಿ. ಅದಕ್ಕ ಸುಮ್ನ ಕುಂತಾಗೂ ಬಡಿತ ಜಾಸ್ತಿ. ಭಾಳ ಮಂದಿಗೆ ತಿಂಗಳು ಕಳದಂಗ ಹಗೂರಕ ಇಳೀತೈತಿ. ಕೆಲವರಿಗೆ ಸ್ವಲ್ಪ ಉಳಿದ್ರೂ ಅಂಜಿಕಿ ಇಲ್ಲ. ತಾಳ ತಪ್ಪಿದ್ರ, ತಲಿ ತಿರುಗಿದ್ರ ಮಾತ್ರ ತಡಾ ಮಾಡದ ಬರ್ರಿ.”

“ಹಂಗಾರ ಇದಕ್ಕೂ ಸಿಟ್ಟಿಗೂ ಸಂಬಂಧ ಇಲ್ಲ?”

“ಇದಕ್ಕ ಇಲ್ರಿ.”

“ಇದನ್ನ ಮೊದಲ ಯಾಕ ಹೇಳಲಿಲ್ರಿ ನೀವು?”

“ಹೇಳೀನೆಲ್ರಿ! ಮನಿಗೆ ಕಳಿಸೋ ದಿನ ನಿಮ್ಮ ಯಜಮಾನ್ರನ್ನ ಇದ ಕುರ್ಚಿ ಮ್ಯಾಲ ಕುಂದ್ರಿಸಿ ಎಲ್ಲಾ ಹೇಳೀನಿ.”

ನಾನು ಪಕ್ಕಕ್ಕೆ ತಿರುಗಿದೆ. ನಮ್ಮ ಮನೆಯವರು ಫ್ಯಾನು ನೋಡುತ್ತಿದ್ದರು. ಆಮೇಲೆ ಆ ಕೋಣೆಯಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನರ್ಸು ಬಾಗಿಲು ತೆರೆದು ನೋಡಿ ಮತ್ತೆ ಮುಚ್ಚಿಕೊಂಡು ಹೋದಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಡಾಕ್ಟರು ನನ್ನ ಕೈ ಹಿಡಿದು ನೋಡಿ, “ಇಷ್ಟು ಬೈದ್ರೂ ತೊಂಬತ್ತಾರ ಐತ್ರಿ. ಏನೂ ದೊಡ್ಡ ಫರಕ್ ಇಲ್ಲ” ಎಂದರು. ನನಗೆ ಕೋರ್ಟಿನಲ್ಲಿ ಗೆದ್ದಷ್ಟು ಸಂತೋಷವಾಯಿತು. ನಮ್ಮ ಮನೆಯವರು ಆಗ ಮೊದಲ ಸಲ ಬಾಯಿ ಬಿಟ್ಟರು: “ಹೇಳಿದ್ರು, ಖರೆ. ನಾ ಹೂಂ ಹೂಂ ಅಂದೆ. ಅವತ್ತ ನೀ ಪಾರಾದಿ ಅಂದಿದ್ದೊಂದ ಕೇಳಿಸ್ತು ನನಗ. ಮುಂದಿಂದು ಕಿವಿಗೆ ಬೀಳಲೇ ಇಲ್ಲ.”

ಇಂಥ ಮಾತನ್ನು ಸರಿಯಾದ ಹೊತ್ತಿಗೆ ಆಡಿ ಒಬ್ಬರ ನ್ಯಾಯವಾದ ಸಿಟ್ಟನ್ನು ಅರ್ಧಕ್ಕೇ ಕಸಿದುಕೊಳ್ಳುವುದು ಎಂಥ ಮೋಸ! ಬಸ್ಸಿನಲ್ಲಿ ಕೊಪ್ಪಳ ದಾಟುವವರೆಗೂ ಕಿಟಕಿಗೆ ಮುಖ ಮಾಡಿ ಕೂತೆ. ಅವರು ಶೇಂಗಾ ಸುಲಿದು ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದರು. ತಿಂದೆ. ಆದರೆ ಮುಖ ತಿರುಗಿಸಲಿಲ್ಲ.

ಮರುದಿನ ಹತ್ತನೇ ತರಗತಿ ನನಗೆ ವಾಪಸು ಬಂತು. ಡಾಕ್ಟರು ಹೇಳಿದ್ದನ್ನು ನಮ್ಮ ಮನೆಯವರು ಈ ಸಲ ಗಟ್ಟಿಯಾಗಿ ಕೇಳಿಸಿಕೊಂಡಿದ್ದರು. ಅದನ್ನು ಶಾಲೆಗೆ, ಗಿರಣಿಗೆ, ಹನುಮಸಾಗರಕ್ಕೆ ಎಲ್ಲ ಕಡೆ ಮುಟ್ಟಿಸಿದರು. ಅಲ್ಲಿಂದ ಶುರುವಾಯಿತು ನನ್ನ ನಿಜವಾದ ಕಷ್ಟ. ಸ್ಟಾಫ್ ರೂಮಿನಲ್ಲಿ ನಾನು ಯಾರ ಮೇಲಾದರೂ ರೇಗಿದರೆ ಖಾದರ್ ಸಾಹೇಬರು, “ಮನಸಿಗೆ ಹಚ್ಕೋಬ್ಯಾಡ್ರಿ, ಅದು ಮೇಡಂರ ಸಿಟ್ಟಲ್ಲ, ಬ್ರೇಕ್ ಸಡಿಲ ಆಗಿದ್ದು” ಎನ್ನತೊಡಗಿದರು. ಸಿಟ್ಟಿಲ್ಲದಾಗ ಇದೆ ಎಂದವರು, ಈಗ ಇದ್ದರೂ ಇಲ್ಲ ಎನ್ನುತ್ತಾರೆ!

ಮೊನ್ನೆ ಭಾನುವಾರ ನಾನು ಉತ್ತರ ಪತ್ರಿಕೆಗಳ ರಾಶಿಯ ನಡುವೆ ಕೂತಿದ್ದಾಗ ಶಾಂತವ್ವ ತನ್ನ ಮನೆಮಂದಿಯನ್ನೆಲ್ಲ ಕರೆದುಕೊಂಡು ಊಟಕ್ಕೆ ಬಂದಳು. ಕರೆದಿದ್ದು ನಮ್ಮ ಮನೆಯವರು. ನನಗೆ ಹೇಳಿದವರು ಯಾರೂ ಇಲ್ಲ. ನಮ್ಮ ಮನೆಯವರನ್ನು ಒಳಗೆ ಕರೆದು ಕೂಗಾಡಿದೆ. ಅವರು ಶಾಂತವಾಗಿ, “ಅದು ನೀ ಅಲ್ಲ, ಐಸು” ಎಂದರು. “ಅಲ್ರೀ, ನನಗ ಖರೇನ ಸಿಟ್ಟು ಬಂದೈತಿ!” ಎಂದು ಪುರಾವೆಗೆ ವಾಚಿನ ಕೈಯನ್ನು ಅವರ ಮುಖಕ್ಕೆ ಹಿಡಿದೆ.

ಎಪ್ಪತ್ತೊಂಬತ್ತು!

“ಇಳದೈತಿ! ಶಾಂತಾ, ನಿಮ್ಮ ವೈನಿದು ಇಳದೈತಿ!” ಎಂದು ಅವರು ಹೊರಗೆ ಓಡಿದರು. ಎಲ್ಲರೂ ಬಂದು ಒಬ್ಬರಾದ ಮೇಲೊಬ್ಬರು ನನ್ನ ಕೈ ನೋಡಿ ಸಂತೋಷಪಟ್ಟರು. ಸಿಟ್ಟಿನಲ್ಲಿದ್ದ ನನ್ನನ್ನು ಬಿಟ್ಟು ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಗಿತ್ತು. ನಾನು ಸೆರಗು ಸಿಕ್ಕಿಸಿ, ಜೋಳದ ಹಿಟ್ಟು ನಾದಿ, ಒಂದೊಂದು ರೊಟ್ಟಿಯನ್ನೂ ಬಡಿದೆ ನೋಡಿ, ಓಣಿಯ ಕೊನೆಯವರೆಗೆ ಕೇಳಿಸುವ ಹಾಗೆ ಬಡಿದೆ. ಊಟ ಮುಗಿಸಿ ಕೈ ತೊಳೆದ ಶಾಂತವ್ವ, “ಇಷ್ಟು ತೆಳ್ಳನ ರೊಟ್ಟಿ ನೀ ಎಂದೂ ಮಾಡಿದ್ದಿಲ್ಲ ವೈನಿ. ಮನಸು ಹಗೂರ ಇದ್ರ ಕೈಯಾಗ ಹಿಂಗ ಬರ್ತಾವ ನೋಡು” ಎಂದಳು.